ಮೆಲ್ಬರ್ನ್ ಹೈಸ್ಕೂಲ್ ಪರೀಕ್ಷೆಗೆ ಮಗನನ್ನು ಕೂರಿಸಬೇಕಾ? ಗೊತ್ತಿದ್ದವರು ಹೇಳಿ

ಟಾರ್ನೀಟ್ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಈಗ ಇಯರ್ 7. ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಾನೆ, ಖುಷಿಯಾಗಿಯೇ ಇದ್ದಾನೆ. ಯುಗಾದಿ ಊಟಕ್ಕೆ ಹೋದಾಗ ನಮ್ಮ ಜತೆ ಕೂತಿದ್ದ ಮೂರು ಮನೆಯವರದ್ದೂ ಒಂದೇ ಮಾತು. ಮೆಲ್ಬರ್ನ್ ಹೈಸ್ಕೂಲ್ ಪರೀಕ್ಷೆಗೆ ಅವರೆಲ್ಲ ಇಯರ್ 5ರಿಂದಲೇ ಟ್ಯೂಷನ್ ಶುರು ಮಾಡಿದ್ದಾರಂತೆ, ನಾವು ಇನ್ನೂ ಏನೂ ಮಾಡಿಲ್ಲ ಅಂದಿದ್ದಕ್ಕೆ "ಅಯ್ಯೋ, ತಡ ಆಯ್ತಲ್ಲ" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಗಂಡನಿಗೆ ಇದು ಆಗಲೇಬೇಕು ಅಂತ ಇದೆ. ನನಗೆ ಅರ್ಧ ಮನಸ್ಸು. ಮಗನನ್ನು ಇನ್ನೂ ಕೇಳಿಲ್ಲ. ಪರೀಕ್ಷೆಯಲ್ಲಿ ನಿಜವಾಗಿ ಏನು ಕೇಳುತ್ತಾರೆ? ಟ್ಯೂಷನ್ ಇಲ್ಲದೆ ಆಗುತ್ತದಾ? ಬರೀ ಗಂಡು ಮಕ್ಕಳ ಶಾಲೆ ಹೇಗಿರುತ್ತದೆ? ಟಾರ್ನೀಟ್‌ನಿಂದ ಶಾಲೆ ಇರುವ ಸೌತ್ ಯಾರಾಗೆ ದಿನಾ ಹೋಗಿ ಬರುವುದು ಆಗುವ ಮಾತಾ? ದಯವಿಟ್ಟು ಅನುಭವ ಇದ್ದವರು ಬರೆಯಿರಿ. ಕೇಳಿದ್ದು ಬೇಡ, ಕಂಡಿದ್ದು ಹೇಳಿ.

ಕ್ಲೇಟನ್ ಅಪ್ಪ

ಮೇಡಂ, ಮೊದಲು ಆರಾಮಾಗಿರಿ. ತಡ ಏನೂ ಆಗಿಲ್ಲ. ಪರೀಕ್ಷೆ ಇಯರ್ 8ರ ಜೂನ್‌ನಲ್ಲಿ, ಸೇರುವುದು ಇಯರ್ 9ಕ್ಕೆ. ನಿಮಗೆ ಇನ್ನೂ ಒಂದು ವರ್ಷದ ಮೇಲಿದೆ.

ನನ್ನ ದೊಡ್ಡ ಮಗ ಬರೆದು ಸಿಕ್ಕಿ ಓದಿ ಮುಗಿಸಿದ. ಚಿಕ್ಕವನು ಬರೆದ, ಸಿಗಲಿಲ್ಲ. ಎರಡೂ ಕಂಡಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ವಿಕ್ಟೋರಿಯಾದಲ್ಲಿ ಈ ಥರ ಪರೀಕ್ಷೆ ಇಟ್ಟು ಇಯರ್ 9ಕ್ಕೆ ತೆಗೆದುಕೊಳ್ಳುವ ಸರ್ಕಾರಿ ಶಾಲೆ ನಾಲ್ಕು. ಮೆಲ್ಬರ್ನ್ ಹೈ ಹುಡುಗರಿಗೆ, ಮ್ಯಾಕ್‌ರಾಬ್ ಹುಡುಗಿಯರಿಗೆ, ಬರ್ವಿಕ್‌ನ ನಾಸಲ್ ಮತ್ತು ವೆರಿಬಿಯ ಸುಝಾನ್ ಕೋರಿ ಇಬ್ಬರಿಗೂ. ನಾಸಲ್ 2010ರಲ್ಲಿ, ಸುಝಾನ್ ಕೋರಿ 2011ರಲ್ಲಿ ಶುರುವಾದವು. ಪರೀಕ್ಷೆ ನಾಲ್ಕಕ್ಕೂ ಒಂದೇ. ಅರ್ಜಿ ಹಾಕುವಾಗ ಯಾವ ಶಾಲೆ ಮೊದಲು, ಯಾವುದು ಆಮೇಲೆ ಅಂತ ಬರೆದುಕೊಡಬೇಕು. ಹುಡುಗನಾದರೆ ಮೂರು ಶಾಲೆ ಬರೆಯಬಹುದು. ಅಂಕ ಸಾಲುವ ಶಾಲೆಗಳಲ್ಲಿ ನಾವು ಮೇಲೆ ಬರೆದದ್ದು ಯಾವುದೋ ಅದೊಂದರಿಂದಲೇ ಕರೆ ಬರುತ್ತದೆ, ಎರಡು ಕಡೆಯಿಂದ ಬರುವುದಿಲ್ಲ. ಹಾಗಾಗಿ ಆ ಸಾಲು ಬರೆಯುವಾಗ ಯಾರದೋ ಬಾಯಿ ಮಾತು ಕೇಳಿ ಬರೆಯಬೇಡಿ.

ಪರೀಕ್ಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು, ಗಣಿತ, ಪದಗಳ ತರ್ಕ, ಸಂಖ್ಯೆಗಳ ತರ್ಕ, ಆಮೇಲೆ ಬರವಣಿಗೆ. ಕ್ಯಾಲ್ಕುಲೇಟರ್ ಇಲ್ಲ. ಪಠ್ಯಪುಸ್ತಕ ಉರು ಹೊಡೆದು ಹೋಗಿ ಬರೆಯುವ ಪರೀಕ್ಷೆ ಅಲ್ಲ ಇದು. ಕಷ್ಟ ಇರುವುದು ಟೈಮಿನಲ್ಲಿ. ಒಂದು ಪ್ರಶ್ನೆಗೆ ಒಂದು ನಿಮಿಷ ಕೂಡ ಸಿಗುವುದಿಲ್ಲ ಅಂದುಕೊಂಡೇ ಅಭ್ಯಾಸ ಮಾಡಿಸಿ. ನನ್ನ ಚಿಕ್ಕವನಿಗೆ ಎಲ್ಲ ಗೊತ್ತಿತ್ತು. ಆದರೆ ಒಂದು ಲೆಕ್ಕ ಬರದಿದ್ದರೆ ಅಲ್ಲೇ ಕೂತುಬಿಡುತ್ತಿದ್ದ, ಬಿಟ್ಟು ಮುಂದೆ ಹೋಗಲು ಅವನ ಕೈಲಿ ಆಗುತ್ತಿರಲಿಲ್ಲ. ಮನೆಯಲ್ಲಿ ಅದನ್ನು ನಾನು ಒಳ್ಳೆ ಗುಣ ಅಂತ ಹೊಗಳುತ್ತಿದ್ದೆ.

ಇನ್ನೊಂದು ಮುಖ್ಯ ವಿಷಯ, ಬಹಳ ಜನಕ್ಕೆ ಗೊತ್ತಿಲ್ಲ. ಯಾವುದೇ ಒಂದು ಶಾಲೆಯ ಇಯರ್ 8 ಮಕ್ಕಳಲ್ಲಿ ಶೇಕಡಾ 5ಕ್ಕಿಂತ ಜಾಸ್ತಿ ಮಕ್ಕಳನ್ನು ಈ ಸೆಲೆಕ್ಟಿವ್ ಶಾಲೆಗಳಿಗೆ, ಅಂದರೆ ಪರೀಕ್ಷೆ ಇಟ್ಟು ಆರಿಸುವ ಶಾಲೆಗಳಿಗೆ, ತೆಗೆದುಕೊಳ್ಳುವುದಿಲ್ಲ. ಒಂದೇ ಶಾಲೆಯ ಚೆನ್ನಾಗಿ ಓದುವ ಮಕ್ಕಳೆಲ್ಲ ಒಂದೇ ಸಲ ಎದ್ದು ಹೋಗಬಾರದು ಅಂತ ಆ ನಿಯಮ. ನಿಮ್ಮ ಶಾಲೆಯಲ್ಲಿ ಇಯರ್ 8ರಲ್ಲಿ 200 ಮಕ್ಕಳಿದ್ದರೆ ಹತ್ತು ಜನ. 60 ಮಕ್ಕಳ ಚಿಕ್ಕ ಖಾಸಗಿ ಶಾಲೆ ಆದರೆ ಮೂರೇ ಜನ. ಅಂದರೆ ನಿಮ್ಮ ಮಗ ಇಡೀ ರಾಜ್ಯದ ಮಕ್ಕಳ ಜತೆಗಷ್ಟೇ ಅಲ್ಲ, ತನ್ನ ಪಕ್ಕ ಕೂರುವ ಗೆಳೆಯನ ಜತೆಗೂ ಸ್ಪರ್ಧೆ ಮಾಡುತ್ತಿರುತ್ತಾನೆ. ಇದು ನನಗೆ ಮನಸ್ಸಿಗೆ ಹಿತವಾಗಲಿಲ್ಲ, ಆದರೆ ವಿಷಯ ಇರುವುದು ಹಾಗೆ.

ಸೀಟುಗಳಲ್ಲಿ ಹೆಚ್ಚಿನ ಪಾಲು ಅಂಕದ ಮೇಲೆ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಕಷ್ಟದ ಹಿನ್ನೆಲೆಯ ಮಕ್ಕಳಿಗೆ, ಮೂಲನಿವಾಸಿ ಮಕ್ಕಳಿಗೆ. ಸ್ವಲ್ಪ ಪ್ರಿನ್ಸಿಪಾಲರ ವಿವೇಚನೆಗೆ ಬಿಟ್ಟಿರುತ್ತಾರೆ. ನಿಮ್ಮ ಮನೆಯಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಕನ್ಸೆಷನ್ ಕಾರ್ಡ್ ಇದ್ದರೆ ಅರ್ಜಿಯಲ್ಲಿ ಮರೆಯದೆ ಹಾಕಿ. ಸಂಕೋಚ ಪಡಬೇಡಿ, ಅದು ಇರುವುದೇ ಅದಕ್ಕೆ.

ಪಾಯಿಂಟ್ ಕುಕ್ ದಂಪತಿ

ಶೇಕಡಾ 5ರ ವಿಷಯ ನಿಜ. ನಮ್ಮ ಪರಿಚಯದವರೊಬ್ಬರು ಇದಕ್ಕಾಗಿಯೇ ಇಯರ್ 7ರ ಕೊನೆಯಲ್ಲಿ ಮಗನನ್ನು ಬೇರೆ ಶಾಲೆಗೆ ಹಾಕಿದರು, ಅಲ್ಲಿ ಅರ್ಜಿ ಹಾಕುವವರು ಕಡಿಮೆ ಅಂತ. ಮಗುವಿಗೆ ಎರಡು ವರ್ಷದಲ್ಲಿ ಮೂರು ಶಾಲೆ ಆಯಿತು. ಬೇಡ ಮೇಡಂ, ಆ ದಾರಿ ಬೇಡ.

ಹೊಸದಾಗಿ ಬಂದವರು

ಟ್ಯೂಷನ್ ಬಗ್ಗೆ ಯಾರಾದರೂ ಹೇಳಿ. ಎಷ್ಟು ದಿನ, ಎಷ್ಟು ಗಂಟೆ? ನಮ್ಮ ಏರಿಯಾದಲ್ಲಿ ಪ್ರತಿ ಶಾಪಿಂಗ್ ಸೆಂಟರಿನಲ್ಲೂ ಒಂದು ಬೋರ್ಡ್ ಇದೆ.

ಎರಡು ಗಂಡು ಮಕ್ಕಳ ತಾಯಿ

ನಾವು ಒಂದೂವರೆ ವರ್ಷ ಕಳಿಸಿದೆವು. ಶನಿವಾರ ಬೆಳಿಗ್ಗೆ ಮೂರು ಗಂಟೆ, ಬುಧವಾರ ಸಂಜೆ ಎರಡು ಗಂಟೆ. ಹೆಸರು ಹೇಳುವುದಿಲ್ಲ. ಪ್ರತಿ ವಾರ ಒಂದು ಟೆಸ್ಟ್, ಒಂದು ಅಂಕಪಟ್ಟಿ, ಅದರಲ್ಲಿ ಮಗು 40 ಜನರಲ್ಲಿ ಎಷ್ಟನೇ ಸ್ಥಾನ ಅಂತ. ತಪ್ಪಾದ ಪ್ರಶ್ನೆ ಯಾಕೆ ತಪ್ಪಾಯಿತು ಅಂತ ಯಾರೂ ಕೂತು ಹೇಳಲಿಲ್ಲ. ಮುಂದಿನ ವಾರ ಹೊಸ ಹಾಳೆ. ಮಗ ಮನೆಗೆ ಬಂದ ಕೂಡಲೇ ನಾವು ಕೇಳುತ್ತಿದ್ದದ್ದು "ಎಷ್ಟನೆಯವನು?" ಅಂತ. ಅವನು ಶನಿವಾರ ಬೆಳಿಗ್ಗೆ ಹೊಟ್ಟೆನೋವು ಅನ್ನಲು ಶುರು ಮಾಡಿದ. ಡಾಕ್ಟರ ಹತ್ತಿರ ಹೋದೆವು, ಏನೂ ಇಲ್ಲ ಅಂದರು. ಭಾನುವಾರ ಹೊಟ್ಟೆನೋವು ಇರುತ್ತಿರಲಿಲ್ಲ.

ಆವಾಗ ನಿಲ್ಲಿಸಿದೆವು. ಪರೀಕ್ಷೆಗೆ ಐದು ತಿಂಗಳಿತ್ತು. ಅವರಪ್ಪ ದಿನಾ ರಾತ್ರಿ ಊಟ ಆದ ಮೇಲೆ ಅವನ ಜತೆ ಅರ್ಧ ಗಂಟೆ ಕೂರುತ್ತಿದ್ದರು. ಪರೀಕ್ಷೆ ನಡೆಸುವವರೇ ಕೊಡುವ ಮಾದರಿ ಪ್ರಶ್ನೆಗಳನ್ನು ಮೊದಲು ಮಾಡಿಸಿದರು. ತಪ್ಪಾದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಯಾಕೆ ತಪ್ಪಾಯಿತು ಅಂತ ಒಂದು ಸಾಲು ಬರೆಯುವುದು, ಅಷ್ಟೇ. "ಪ್ರಶ್ನೆ ಪೂರ್ತಿ ಓದಲಿಲ್ಲ." "ಅಲ್ಲ ಅನ್ನೋ ಪದ ನೋಡಲಿಲ್ಲ." "ಗೊತ್ತಿರಲಿಲ್ಲ." ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಮೊದಲ ಹತ್ತು ಪುಟ ನೋಡಿದರೆ ಮುಕ್ಕಾಲು ಪಾಲು "ಪೂರ್ತಿ ಓದಲಿಲ್ಲ" ಅಂತಲೇ ಇದೆ. ಒಂದೂವರೆ ವರ್ಷ ದುಡ್ಡು ಕಟ್ಟಿದರೂ ನಮಗೆ ಗೊತ್ತಾಗದೇ ಇದ್ದದ್ದು ಆ ನೋಟ್‌ಬುಕ್ಕಿನಲ್ಲಿ ಎರಡು ವಾರಕ್ಕೆ ಗೊತ್ತಾಯಿತು.

ಎಲ್ಲ ಟ್ಯೂಷನ್ನೂ ಹೀಗೇ ಅಂತ ಹೇಳುತ್ತಿಲ್ಲ. ಮನೆಯಲ್ಲಿ ಕೂರಿಸಿ ಹೇಳಿಕೊಡಲು ಟೈಮ್ ಇಲ್ಲದವರಿಗೆ, ರಾತ್ರಿ ಪಾಳಿ ಮಾಡುವವರಿಗೆ ಅದೇ ಬೇಕಾಗಬಹುದು. ಆದರೆ ಸೇರಿಸುವ ಮುಂಚೆ ಒಂದು ಕೇಳಿ: ತಪ್ಪಾದದ್ದನ್ನು ನೀವು ಮಗುವಿಗೆ ತಿದ್ದಿ ಹೇಳುತ್ತೀರಾ, ಹೇಗೆ?

ಗಣಿತ ಮೇಷ್ಟ್ರು

ತಾಯಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವೇಗ ಅಂದರೆ ಬೇಗ ಬೇಗ ಬರೆಯುವುದು ಅಂತ ಮಕ್ಕಳು ತಿಳಿದಿರುತ್ತಾರೆ. ಹಾಗಲ್ಲ. ಒಂದು ಉದಾಹರಣೆ ಕೊಡುತ್ತೇನೆ, ಇದು ನಾನೇ ಮಾಡಿದ ಲೆಕ್ಕ.

ಐದು ಜನರ ಸರಾಸರಿ ವಯಸ್ಸು 12. ಒಬ್ಬ ಎದ್ದು ಹೋದ. ಉಳಿದ ನಾಲ್ವರ ಸರಾಸರಿ 11. ಹೋದವನ ವಯಸ್ಸೆಷ್ಟು?

ಹೆಚ್ಚಿನ ಮಕ್ಕಳು 5 ಗುಣಿಸು 12, 60. 4 ಗುಣಿಸು 11, 44. ಕಳೆದರೆ 16. ಸರಿ ಇದೆ. ಆದರೆ ಇನ್ನೊಂದು ರೀತಿ ನೋಡಿ. ಅವನು ಹೋದ ಮೇಲೆ ನಾಲ್ಕು ಜನಕ್ಕೂ ಒಂದೊಂದು ವರ್ಷ ಕಡಿಮೆ ಆಯಿತು. ಅಂದರೆ ಅವನು ತನ್ನ ಪಾಲಿನ 12ರ ಜತೆಗೆ ಆ ನಾಲ್ವರಿಗೂ ಒಂದೊಂದು ಕೊಟ್ಟು ಕೂತಿದ್ದ. 12ಕ್ಕೆ 4 ಸೇರಿಸಿ, 16. ಪೆನ್ಸಿಲ್ ಬೇಕಾಗಲೇ ಇಲ್ಲ. ಮಗುವಿಗೆ ಸರಾಸರಿ ಅಂದರೆ ಎಲ್ಲರಿಗೂ ಸಮ ಹಂಚುವುದು ಅಂತ ಒಳಗಿನಿಂದ ಅರ್ಥ ಆಗಿದ್ದರೆ ಮಾತ್ರ ಇದು ಹೊಳೆಯುತ್ತದೆ. ಸೂತ್ರ ಉರು ಹೊಡೆದಿದ್ದರೆ ಹೊಳೆಯುವುದಿಲ್ಲ.

ಆದ್ದರಿಂದ ದಿನಕ್ಕೆ ನೂರು ಲೆಕ್ಕ ಬೇಡ. ಹತ್ತು ಲೆಕ್ಕ ಮಾಡಿಸಿ, ಪ್ರತಿಯೊಂದನ್ನೂ ಎರಡು ದಾರಿಯಲ್ಲಿ ಮಾಡಲು ಹೇಳಿ. ಭಿನ್ನರಾಶಿ, ಶೇಕಡಾ, ಅನುಪಾತ ಈ ಮೂರು ಗಟ್ಟಿ ಇದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ಮಗ್ಗಿ ಬಾಯಿಗೆ ಬರಲೇಬೇಕು. ಇಲ್ಲಿನ ಪ್ರೈಮರಿಯಲ್ಲಿ ನಮ್ಮ ಊರಿನ ಹಾಗೆ ಮಗ್ಗಿ ಹೇಳಿಸುವುದಿಲ್ಲ, ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷೆಯಲ್ಲಿ ಮಕ್ಕಳು ಏಳೆಂಟಲ ಎಷ್ಟು ಅಂತ ಯೋಚಿಸುತ್ತಾ ಕೂರುತ್ತಾರೆ.

ಹೊಸದಾಗಿ ಬಂದವರು

ಸರ್ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಾವು ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಮಗನ ಗಣಿತ ಪರವಾಗಿಲ್ಲ, ಇಂಗ್ಲಿಷ್ ಪದಗಳಲ್ಲಿ ಹಿಂದೆ. ಒಬ್ಬರು ಪರೀಕ್ಷೆ ಮುಗಿಯುವ ತನಕ ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಅಂದರು. ಮಾಡಬೇಕಾ?

ಲೈಬ್ರರಿಯಲ್ಲಿ ಕೆಲಸ ಮಾಡುವವಳು

ಬೇಡ, ಬೇಡ, ದಯವಿಟ್ಟು ಹಾಗೆ ಮಾಡಬೇಡಿ! ಮನೆಯಲ್ಲಿ ನಾವು ಮಾತಾಡುವ ಇಂಗ್ಲಿಷಿನಲ್ಲಿ ಏನಿರುತ್ತದೆ? ಊಟ ಮಾಡು, ಶೂ ಎಲ್ಲಿ, ಹೋಮ್‌ವರ್ಕ್ ಆಯ್ತಾ. ಆ ಪರೀಕ್ಷೆಯಲ್ಲಿ ಬರುವ ಪದಗಳು ಇಂಗ್ಲಿಷ್ ಮಾತಾಡುವ ಮನೆಯ ಅಡುಗೆಮನೆಯಲ್ಲೂ ಕೇಳಿಸುವುದಿಲ್ಲ. ಅವು ಪುಸ್ತಕದಲ್ಲಿ ಮಾತ್ರ ಸಿಗುತ್ತವೆ. ಓದುವ ಮಗುವಿಗೆ ಸಿಗುತ್ತವೆ, ಓದದ ಮಗುವಿಗೆ ಪಟ್ಟಿ ಕೊಟ್ಟು ಉರು ಹೊಡೆಸಿದರೂ ಒಂದು ತಿಂಗಳಿಗೆ ಹಾರಿಹೋಗುತ್ತವೆ.

ನಮ್ಮ ಲೈಬ್ರರಿಗೆ ಒಬ್ಬ ಹುಡುಗ ಬರುತ್ತಿದ್ದ, ನಮ್ಮ ಕಡೆಯವನೇ. ಅವರಮ್ಮನಿಗೆ ಇಂಗ್ಲಿಷ್ ಅಷ್ಟು ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಇಬ್ಬರೂ ಬಂದು ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂರುವರು. ಅವನು ಪತ್ರಿಕೆಯಲ್ಲಿ ಒಂದು ಲೇಖನ ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಅಮ್ಮ ಸುಮ್ನೆ ಕೇಳುತ್ತಿರಲಿಲ್ಲ, ಎದುರು ಪ್ರಶ್ನೆ ಹಾಕುವರು. "ಅದು ಯಾಕೆ ಹಾಗೆ?" "ಅವನು ಹೇಳಿದ್ದು ಸರಿನಾ?" "ನೀನಾಗಿದ್ರೆ ಏನು ಮಾಡ್ತಿದ್ದೆ?" ಹುಡುಗ ಮತ್ತೆ ಲೇಖನ ನೋಡಿ, ಬೆರಳಿಟ್ಟು ಹುಡುಕಿ, ಉತ್ತರ ಕೊಡುವನು. ಓದಿ ಅರ್ಥ ಮಾಡಿಕೊಳ್ಳುವುದಕ್ಕೆ, ಅಭಿಪ್ರಾಯ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆ ಅಭ್ಯಾಸ ನಾನು ಕಂಡಿಲ್ಲ. ಅವನು ಮೆಲ್ಬರ್ನ್ ಹೈಗೆ ಹೋದ. ಅವರಮ್ಮ ನಮ್ಮ ಸ್ಟಾಫಿಗೆಲ್ಲ ಚಿರೋಟಿ ತಂದುಕೊಟ್ಟರು.

ಕನ್ನಡ ಬಿಡಬೇಡಿ. ಪುಸ್ತಕ ಹಿಡಿಸಿ.

ಹಾಸನದವನು

ಈ ಚರ್ಚೆ ಓದುತ್ತಾ ನನಗೆ ನನ್ನ ನವೋದಯ ಪರೀಕ್ಷೆ ನೆನಪಾಯಿತು. ನಾನು ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸ್. ಜಿಲ್ಲೆಗೆ 80 ಸೀಟು, ಅದರಲ್ಲಿ ನೂರಕ್ಕೆ 75 ಪಾಲು ಹಳ್ಳಿ ಮಕ್ಕಳಿಗೆ. ಒಂದೇ ಅವಕಾಶ, ಎರಡನೇ ಸಲ ಬರೆಯುವ ಹಾಗಿಲ್ಲ. ಪರೀಕ್ಷೆ ಕನ್ನಡದಲ್ಲೇ ಬರೆದೆ. ನಮ್ಮ ಮೇಷ್ಟ್ರು ಸೈಕಲ್ ಮೇಲೆ ನಮ್ಮಿಬ್ಬರನ್ನು, ನನ್ನನ್ನೂ ನನ್ನ ಚಿಕ್ಕಪ್ಪನ ಮಗನನ್ನೂ, ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು, ಒಬ್ಬ ಮುಂದೆ ಕಂಬಿ ಮೇಲೆ, ಒಬ್ಬ ಹಿಂದೆ. ಆಕೃತಿಗಳ ಪ್ರಶ್ನೆ ಅವನು ನನಗಿಂತ ಚೆನ್ನಾಗಿ ಮಾಡುತ್ತಿದ್ದ. ನನಗೆ ಸಿಕ್ಕಿತು. ಅವನಿಗೆ ಸಿಗಲಿಲ್ಲ.

ನಾನು ಟ್ರಂಕ್ ಹೊತ್ತು ಹೊರಟ ದಿನ ಅವನು ಬಸ್ ಸ್ಟಾಂಡಿಗೆ ಬರಲಿಲ್ಲ. ಮನೆಯವರೆಲ್ಲ ಅವನ ಎದುರಿಗೇ ನನ್ನನ್ನು ಹೊಗಳಿದ್ದರು. ಹತ್ತು ವರ್ಷದ ಹುಡುಗನಿಗೆ "ನೀನು ದಡ್ಡ" ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಅವನಿಗೆ ಹಾಗೇ ಕೇಳಿಸುತ್ತದೆ. ಅವನು ಬುದ್ಧಿವಂತ. ಈಗ ಕಾಫಿ ತೋಟ ನೋಡಿಕೊಳ್ಳುತ್ತಾನೆ, ಚೆನ್ನಾಗಿದ್ದಾನೆ, ನಾವು ವಾರಕ್ಕೊಮ್ಮೆ ಮಾತಾಡುತ್ತೇವೆ. ಆದರೆ ಆ ಪರೀಕ್ಷೆಯ ಮಾತು ಇಬ್ಬರೂ ಎತ್ತುವುದಿಲ್ಲ.

ಟಾರ್ನೀಟ್ ಅಕ್ಕ, ನನ್ನದು ಒಂದೇ ವಿನಂತಿ. ಫಲಿತಾಂಶ ಬಂದ ದಿನ ಮನೆಯಲ್ಲಿ ಏನು ಮಾತಾಡಬೇಕು ಅಂತ ನೀವಿಬ್ಬರೂ ಗಂಡ ಹೆಂಡತಿ ಈಗಲೇ ಮಾತಾಡಿಕೊಳ್ಳಿ. ಸಿಕ್ಕಿದರೆ ಏನು, ಸಿಗದಿದ್ದರೆ ಏನು. ಊರಿಗೆ ಯಾರು ಫೋನ್ ಮಾಡಿ ಏನು ಹೇಳುವುದು, ಅದೂ ಸೇರಿ.

ಹಳೆ ಹುಡುಗ, ಸೌತ್ ಯಾರಾ

ಕನ್ನಡದಲ್ಲಿ ಬರೆಯಲು ನನಗೆ ಟೈಮ್ ಬೇಕು, ತಪ್ಪಿದ್ದರೆ ಕ್ಷಮಿಸಿ. ನಾನು ಮೆಲ್ಬರ್ನ್ ಹೈನಲ್ಲಿ ನಾಲ್ಕು ವರ್ಷ ಓದಿದೆ, ಈಗ ಇಂಜಿನಿಯರಿಂಗ್ ಮುಗಿಸಿದ್ದೇನೆ. ಆಂಟಿ, ನೀವು ಬರೀ ಹುಡುಗರ ಶಾಲೆ ಹೇಗೆ ಅಂತ ಕೇಳಿದ್ದಿರಿ.

ಮೊದಲ ಟರ್ಮ್ ಕಷ್ಟ. ಹಿಂದಿನ ಶಾಲೆಯಲ್ಲಿ ನಾನೇ ಫಸ್ಟ್. ಇಲ್ಲಿ ಎಲ್ಲರೂ ಅವರವರ ಶಾಲೆಯಲ್ಲಿ ಫಸ್ಟ್ ಬಂದವರು. ಮೊದಲ ಗಣಿತ ಟೆಸ್ಟಿನಲ್ಲಿ ಕ್ಲಾಸಿನ ಮಧ್ಯಕ್ಕೆ ಬಂದೆ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಪಕ್ಕದಲ್ಲಿ ಕೂತವನಿಗೂ ಹಾಗೇ ಆಗಿದೆ ಅಂತ ಗೊತ್ತಾಯಿತು. ಅವನೇ ಈಗಲೂ ನನ್ನ ಬೆಸ್ಟ್ ಫ್ರೆಂಡ್. ಚೆನ್ನಾಗಿ ಓದುವುದನ್ನು ಅಲ್ಲಿ ಯಾರೂ ಗೇಲಿ ಮಾಡುವುದಿಲ್ಲ, ನನಗೆ ಅದು ತುಂಬಾ ದೊಡ್ಡ ವಿಷಯ ಆಗಿತ್ತು. ಹಿಂದಿನ ಶಾಲೆಯಲ್ಲಿ ಕೈ ಎತ್ತಿ ಉತ್ತರ ಹೇಳಲು ನಾನು ಹೆದರುತ್ತಿದ್ದೆ.

ಅಲ್ಲಿ ಓದು ಮಾತ್ರ ಅಲ್ಲ. ಇಡೀ ಶಾಲೆ, ಸಾವಿರಕ್ಕೂ ಜಾಸ್ತಿ ಹುಡುಗರು, ಒಂದು ಹಾಲಿನಲ್ಲಿ ಸೇರಿ ಒಟ್ಟಿಗೆ ಹಾಡುತ್ತೇವೆ. ಹಾಡಲು ಬರುವವರು, ಬರದವರು, ದನಿ ಒಡೆಯುತ್ತಿರುವವರು, ಎಲ್ಲರೂ. ಮೊದಲ ದಿನ ನಾಚಿಕೆ, ಬಾಯಿ ಆಡಿಸುತ್ತಾ ನಿಂತಿದ್ದೆ. ಕೊನೆಯ ವರ್ಷ ಗಂಟಲು ಕಟ್ಟುವಷ್ಟು ಜೋರಾಗಿ ಹಾಡಿದೆ. ನಾಲ್ಕು ಹೌಸ್ ಇವೆ, ಕೋಮೋ, ಫಾರೆಸ್ಟ್, ವಾಟರ್ಲೂ, ಯಾರಾ. ಹೌಸುಗಳ ಮಧ್ಯೆ ಹಾಡಿನ ಸ್ಪರ್ಧೆ ನಡೆಯುತ್ತದೆ, ಅದಕ್ಕೆ ಹುಡುಗರು ಪರೀಕ್ಷೆಗಿಂತ ಜಾಸ್ತಿ ತಯಾರಿ ಮಾಡುತ್ತಾರೆ. ಮ್ಯಾಕ್‌ರಾಬ್ ಹುಡುಗಿಯರ ಜತೆ ಸೇರಿ ನಾಟಕ, ಸಂಗೀತ ಇರುತ್ತದೆ. ಹಾಗಾಗಿ ಹುಡುಗಿಯರ ಮುಖವೇ ನೋಡದೆ ಬೆಳೆಯುತ್ತಾರೆ ಅನ್ನುವುದು ಸುಳ್ಳು.

ಮಾರ್ಕ್ಸ್ ವಿಷಯ. ವಿಸಿಇ ಅಂದರೆ ಇಲ್ಲಿನ ಇಯರ್ 12ರ ಸರ್ಟಿಫಿಕೇಟ್. ಅದರಲ್ಲಿ ಪ್ರತಿ ವಿಷಯಕ್ಕೂ 50ಕ್ಕೆ ಸ್ಕೋರ್, ರಾಜ್ಯದ ಸರಾಸರಿ 30. ಶಾಲೆಯಲ್ಲಿ ಕೊಟ್ಟ ಅಂಕಗಳನ್ನು ಆ ಶಾಲೆಯ ಮಕ್ಕಳು ಕೊನೆಯ ಪರೀಕ್ಷೆಯಲ್ಲಿ ಹೇಗೆ ಮಾಡಿದರು ಅನ್ನುವುದರ ಮೇಲೆ ಸರಿಹೊಂದಿಸುತ್ತಾರೆ. ಜತೆಗಿರುವವರು ಚೆನ್ನಾಗಿ ಬರೆದರೆ ಎಲ್ಲರಿಗೂ ಒಳ್ಳೆಯದು. ಅದಕ್ಕೇ ನಾವು ನೋಟ್ಸ್ ಬಚ್ಚಿಡುತ್ತಿರಲಿಲ್ಲ, ಹಂಚುತ್ತಿದ್ದೆವು.

ಕ್ಲೇಟನ್ ಅಪ್ಪ

ಎಷ್ಟು ಚೆನ್ನಾಗಿ ಕನ್ನಡ ಬರೆದಿದ್ದೀಯಪ್ಪ! ನಿಮ್ಮ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಆ ಶಾಲೆಯ ಇತಿಹಾಸ ನನಗೆ ಬಹಳ ಇಷ್ಟ, ಇಲ್ಲಿ ಸ್ವಲ್ಪ ಹೇಳಿಬಿಡುತ್ತೇನೆ. ವಿಕ್ಟೋರಿಯಾದಲ್ಲಿ 1905ರ ತನಕ ಸರ್ಕಾರಿ ಹೈಸ್ಕೂಲ್ ಅಂತ ಇರಲೇ ಇಲ್ಲ. ಪ್ರೈಮರಿ ಆದ ಮೇಲೆ ಓದಬೇಕಾದರೆ ಫೀಸ್ ಕಟ್ಟುವ ಖಾಸಗಿ ಶಾಲೆಯೇ ಗತಿ. ಫ್ರಾಂಕ್ ಟೇಟ್ ಅಂತ ಶಿಕ್ಷಣ ಇಲಾಖೆಯ ನಿರ್ದೇಶಕರು ಆ ವರ್ಷ ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಈ ಶಾಲೆ ಶುರು ಮಾಡಿಸಿದರು. ಆಗ ಹುಡುಗರು, ಹುಡುಗಿಯರು ಒಟ್ಟಿಗೇ ಇದ್ದರು. 1927ರಲ್ಲಿ ಹುಡುಗರು ಈಗಿನ ಸೌತ್ ಯಾರಾ ಕಟ್ಟಡಕ್ಕೆ ಬಂದರು. ಹುಡುಗಿಯರಿಗೆ 1934ರಲ್ಲಿ ಸ್ವಂತ ಕಟ್ಟಡ ಆಯಿತು. ದುಡ್ಡು ಕೊಟ್ಟವರು ಚಾಕೊಲೇಟ್ ಕಂಪನಿಯ ಮ್ಯಾಕ್‌ಫರ್ಸನ್ ರಾಬರ್ಟ್‌ಸನ್, ನಮ್ಮ ಮಕ್ಕಳು ತಿನ್ನುವ ಫ್ರೆಡ್ಡೋ ಕಪ್ಪೆ ಚಾಕೊಲೇಟ್ ಮೊದಲು ಮಾಡಿದ್ದು ಅವರ ಕಂಪನಿಯೇ. ಮ್ಯಾಕ್‌ರಾಬ್ ಅನ್ನುವ ಹೆಸರು ಬಂದದ್ದು ಹಾಗೆ.

ಕ್ರಿಕೆಟ್ ಪ್ರಿಯರಿಗೆ ಇನ್ನೊಂದು. ಬಾಡಿಲೈನ್ ಸರಣಿಯಲ್ಲಿ ಆಸ್ಟ್ರೇಲಿಯಾ ತಂಡದ ಕ್ಯಾಪ್ಟನ್ ಆಗಿದ್ದ ಬಿಲ್ ವುಡ್‌ಫುಲ್ ಇದೇ ಶಾಲೆಯಲ್ಲಿ ಗಣಿತ ಮೇಷ್ಟ್ರು, ಆಮೇಲೆ ಹೆಡ್‌ಮಾಸ್ಟರೂ ಆದರು. ಕೀತ್ ಮಿಲ್ಲರ್ ಅವರ ವಿದ್ಯಾರ್ಥಿ. ನನ್ನ ಮಗನಿಗಿಂತ ಇದು ಗೊತ್ತಾಗಿ ನನಗೇ ಜಾಸ್ತಿ ಖುಷಿ ಆಗಿತ್ತು.

ಖಾಸಗಿ ಶಾಲೆಗೆ ಹೋಗಲಾಗದ ಮನೆಯ ಮಕ್ಕಳಿಗೂ ಬಾಗಿಲು ತೆರೆದ ಸರ್ಕಾರಿ ಶಾಲೆ. ಈಗ ಅದಕ್ಕೆ ಸೇರಲು ಸಾವಿರಾರು ಡಾಲರ್ ಟ್ಯೂಷನ್ನಿಗೆ ಸುರಿಯುವ ಹಾಗಾಗಿದೆ ಅಂದಾಗ ನನಗೆ ನಿಜವಾಗಿ ನೋವಾಗುತ್ತದೆ.

ಬರ್ವಿಕ್‌ನಿಂದ

ಇಲ್ಲಿ ಎಲ್ಲರೂ ಮೆಲ್ಬರ್ನ್ ಹೈ ಅಂತಲೇ ಹೇಳುತ್ತಿದ್ದೀರಿ. ನನ್ನ ಮಗ ನಾಸಲ್‌ಗೆ ಹೋಗುತ್ತಾನೆ. ಮನೆಯಿಂದ ಹತ್ತು ನಿಮಿಷ. ಅವನಿಗೆ ಮೆಲ್ಬರ್ನ್ ಹೈ ಕೂಡ ಸಿಗುತ್ತಿತ್ತೇನೋ, ನಾವು ನಾಸಲ್ ಮೊದಲು ಬರೆದೆವು. ಸಂಜೆ ನಾಲ್ಕಕ್ಕೆಲ್ಲ ಮನೆಯಲ್ಲಿರುತ್ತಾನೆ, ಮೃದಂಗ ಕ್ಲಾಸ್ ಬಿಟ್ಟಿಲ್ಲ, ತಂಗಿ ಜತೆ ಜಗಳ ಆಡುತ್ತಾನೆ. ಇದಕ್ಕೂ ಒಂದು ಬೆಲೆ ಇದೆ ಅಲ್ವಾ? ಹೆಸರು ಹಳೆಯದು ಅಂತ ದಿನಕ್ಕೆ ಎರಡೂವರೆ ಗಂಟೆ ರೈಲಿನಲ್ಲಿ ಕಳೆಯುವುದು ನನಗೆ ಒಪ್ಪಿಗೆ ಆಗಲಿಲ್ಲ. ಟಾರ್ನೀಟ್‌ನವರಿಗೆ ಸುಝಾನ್ ಕೋರಿ ಪಕ್ಕದಲ್ಲೇ ಇದೆಯಲ್ಲ.

ಹಳೆ ಹುಡುಗ, ಸೌತ್ ಯಾರಾ

ರೈಲು ಎಲ್ಲರಿಗೂ ಒಂದೇ ಥರ ಅಲ್ಲ. ನನ್ನ ಫ್ರೆಂಡ್ಸ್ ಟಾರ್ನೀಟ್‌ನಿಂದ ವಿ-ಲೈನ್ (ದೂರದ ಊರುಗಳ ರೈಲು) ಹಿಡಿದು ಸದರ್ನ್ ಕ್ರಾಸ್‌ನಲ್ಲಿ ಇಳಿದು ಇನ್ನೊಂದು ರೈಲಿನಲ್ಲಿ ಬರುತ್ತಿದ್ದರು. ಓದುವುದು, ನಿದ್ದೆ, ಕಾರ್ಡ್ಸ್ ಎಲ್ಲ ರೈಲಿನಲ್ಲೇ. ಕೆಲವರು ಖುಷಿಯಾಗಿದ್ದರು, ಕೆಲವರು ಇಯರ್ 11ಕ್ಕೆ ಸುಸ್ತಾಗಿದ್ದರು. ಪೇಕನ್‌ಹ್ಯಾಮ್, ಕ್ರಾನ್‌ಬರ್ನ್ ಕಡೆಯವರು ಇನ್ನೊಂದು ಗಮನಿಸಿ, ಆ ರೈಲುಗಳು ಈಗ ಹೊಸ ಸುರಂಗ ಮಾರ್ಗ ಮೆಟ್ರೋ ಟನೆಲ್‌ನಲ್ಲಿ ಹೋಗುತ್ತವೆ, ಟನೆಲ್‌ಗೆ ಸೌತ್ ಯಾರಾದಲ್ಲಿ ಸ್ಟೇಷನ್ ಇಲ್ಲ. ಕಾಲ್‌ಫೀಲ್ಡ್‌ನಲ್ಲಿ ಬದಲಾಯಿಸಬೇಕು.

ಪಾಯಿಂಟ್ ಕುಕ್ ದಂಪತಿ

ಸಿಗದಿದ್ದವರ ಕಥೆ ಯಾರೂ ಬರೆಯುತ್ತಿಲ್ಲ, ನಾವು ಬರೆಯುತ್ತೇವೆ. ನಮ್ಮ ಮಗನಿಗೆ ಶಾಲೆಯ ಕರೆ ಮೊದಲ ಸುತ್ತಿನಲ್ಲೂ ಬರಲಿಲ್ಲ, ಮುಂದಿನ ಸುತ್ತಿನಲ್ಲೂ ಬರಲಿಲ್ಲ. ಮೇಲ್ ಬಂದಾಗ ಅವನು ಬ್ಯಾಸ್ಕೆಟ್‌ಬಾಲ್ ಆಡಲು ಹೋಗಿದ್ದ. ನಾವಿಬ್ಬರೂ ಓದಿ ಸುಮ್ಮನೆ ಕೂತೆವು. ಅವನು ಬಂದು ನಮ್ಮ ಮುಖ ನೋಡಿ "ಇಲ್ವಾ?" ಅಂದ. ಇಲ್ಲ ಅಂದೆವು. "ಸರಿ, ದೋಸೆ ಹಿಟ್ಟು ಇದೆಯಾ?" ಅಂದ. ಆರು ದೋಸೆ ತಿಂದ. ರಾತ್ರಿ ಹಾಸಿಗೆಯಲ್ಲಿ ಅತ್ತಿದ್ದು ಕೇಳಿಸಿತು. ಹೋಗಿ ಪಕ್ಕದಲ್ಲಿ ಮಲಗಿದೆ.

ಅವನು ಅದೇ ಶಾಲೆಯಲ್ಲಿ ಉಳಿದ. ಇಯರ್ 10ಕ್ಕೆ ಕ್ಲೇಟನ್‌ನಲ್ಲಿರುವ ಜಾನ್ ಮೊನಾಶ್ ವಿಜ್ಞಾನ ಶಾಲೆಗೆ ಬರೆದ, ಅದು ಮೊನಾಶ್ ಯೂನಿವರ್ಸಿಟಿಯ ಆವರಣದಲ್ಲೇ ಇದೆ, ಹುಡುಗ ಹುಡುಗಿ ಇಬ್ಬರಿಗೂ. ಸಿಕ್ಕಿತು. ದೂರ ಅಂತ ಅವನೇ ಬೇಡ ಅಂದ. ಈಗ ಇಯರ್ 12, ಅದೇ ಹಳೆಯ ಶಾಲೆ, ಹಳೆಯ ಗೆಳೆಯರು. ಕೆಮಿಸ್ಟ್ರಿ ಮೇಡಂ ಅಂದರೆ ಪ್ರಾಣ. ಮೆಲ್ಬರ್ನ್ ಹೈನಲ್ಲೂ ಇಯರ್ 10, 11ಕ್ಕೆ ಕೆಲವು ಸೀಟು ಇರುತ್ತವೆ, ಅದಕ್ಕೆ ಶಾಲೆಗೇ ನೇರ ಅರ್ಜಿ. ಮಾಮೂಲಿ ಸರ್ಕಾರಿ ಶಾಲೆಗಳಲ್ಲೂ ಸೀಲ್ ಅಂತ ವೇಗವಾಗಿ ಕಲಿಯುವ ಮಕ್ಕಳಿಗೆ ಬೇರೆ ತರಗತಿ ಇರುತ್ತದೆ, ವಿಚಾರಿಸಿ. ಇಯರ್ 8ರ ಒಂದು ಶನಿವಾರಕ್ಕೆ ಎಲ್ಲ ಬಾಗಿಲೂ ಮುಚ್ಚಿಹೋಗುವುದಿಲ್ಲ.

ಗಣಿತ ಮೇಷ್ಟ್ರು

ಬರವಣಿಗೆ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ, ಒಂದು ಮಾತು ಸೇರಿಸುತ್ತೇನೆ. ನನ್ನ ಸಹೋದ್ಯೋಗಿ ಇಂಗ್ಲಿಷ್ ಟೀಚರ್ ಹೇಳುವುದು, ಕೋಚಿಂಗ್ ಮಕ್ಕಳು ಮೊದಲೇ ಬರೆದು ಉರು ಹೊಡೆದ ಕಥೆಯನ್ನು ಯಾವ ವಿಷಯ ಕೊಟ್ಟರೂ ತುರುಕುತ್ತಾರೆ, ಓದುವವರಿಗೆ ಎರಡು ಸಾಲಿಗೇ ಗೊತ್ತಾಗುತ್ತದೆ ಅಂತ. ಮಗು ತಾನು ಕಂಡದ್ದನ್ನು ಬರೆಯಲಿ. ಅಜ್ಜಿ ಮನೆಯ ಹಿತ್ತಲು, ಬೆಂಗಳೂರಿನ ಮಳೆ, ಇಲ್ಲಿನ ರೈಲು. ನಿಜವಾಗಿ ಕಂಡದ್ದಕ್ಕೆ ಪದಗಳು ತಾವಾಗೇ ಬರುತ್ತವೆ.

ಹಿಂದಿನ ರಾತ್ರಿ ಬೇಗ ಮಲಗಿಸಿ. ಬೆಳಿಗ್ಗೆ ಅವನು ದಿನಾ ತಿನ್ನುವುದನ್ನೇ ಕೊಡಿ. ಜೂನ್ ತಿಂಗಳು, ಚಳಿ, ಸ್ವೆಟರ್ ಮರೆಯಬೇಡಿ.

ಟಾರ್ನೀಟ್ ಅಮ್ಮ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಇದನ್ನೆಲ್ಲ ನನ್ನ ಗಂಡನಿಗೆ ಓದಿ ಹೇಳಿದೆ. ಹಾಸನದವರ ಬರಹಕ್ಕೆ ಬಂದಾಗ ಅವರು ಸುಮ್ಮನಾದರು. ಅವರೂ ಅಂಥದ್ದೇ ಪರೀಕ್ಷೆ ಬರೆದು ಸಿಗದೇ ಇದ್ದವರಂತೆ. ಮದುವೆಯಾಗಿ ಹದಿನಾರು ವರ್ಷ, ನನಗೆ ಅವತ್ತೇ ಗೊತ್ತಾಗಿದ್ದು.

ಶನಿವಾರ ಮೂರೂ ಜನ ಹೊರಟೆವು. ಟಾರ್ನೀಟ್ ಸ್ಟೇಷನ್ನಿನಿಂದ ಸೌತ್ ಯಾರಾ, ಅಲ್ಲಿಂದ ನಡೆದು ಶಾಲೆಯ ಗೇಟಿನ ತನಕ. ಮಗ ಫೋನಿನಲ್ಲಿ ಟೈಮ್ ಇಟ್ಟಿದ್ದ. ಮನೆ ಬಾಗಿಲಿನಿಂದ ಗೇಟಿಗೆ ಒಂದು ಗಂಟೆ 22 ನಿಮಿಷ. ಕಟ್ಟಡ ನೋಡಿ "ಕೋಟೆ ಥರ ಇದೆ" ಅಂದ. ಆಮೇಲಿನ ವಾರ ಸುಝಾನ್ ಕೋರಿ ಕಡೆಗೂ ಹೋಗಿ ಬಂದೆವು. ರಾತ್ರಿ ಊಟಕ್ಕೆ ಕೂತಾಗ ಅವನನ್ನು ಕೇಳಿದೆವು, ನಿನಗೇನು ಅನಿಸುತ್ತದೆ, ಬೇಡ ಅಂದರೂ ಸರಿ ಅಂತ. ಅವನು ತಕ್ಷಣ ಹೇಳಲಿಲ್ಲ. ಎರಡು ದಿನ ಬಿಟ್ಟು ತಾನೇ ಬಂದು ಹೇಳಿದ: ಪರೀಕ್ಷೆ ಬರೆಯುತ್ತೇನೆ, ಆದರೆ ಸುಝಾನ್ ಕೋರಿ ಮೊದಲು, ಮೆಲ್ಬರ್ನ್ ಹೈ ಎರಡನೆಯದು. ಅವನ ಗೆಳೆಯನೂ ಬರೆಯುತ್ತಾನಂತೆ, ಇಬ್ಬರೂ ಒಟ್ಟಿಗೆ ಓದುತ್ತಾರಂತೆ. ಶೇಕಡಾ 5ರ ವಿಷಯ ಅವನಿಗೆ ಹೇಳಿದೆ. "ಗೊತ್ತು ಅಮ್ಮ, ಆದರೂ ಓದುತ್ತೇವೆ" ಅಂದ.

ನನ್ನ ಗಂಡ ಒಂದು ಕ್ಷಣ ಏನೋ ಹೇಳಲು ಹೋದರು, ಹೇಳಲಿಲ್ಲ. ಸರಿ ಕಣೋ ಅಂದರು.

ಟ್ಯೂಷನ್ ಸದ್ಯಕ್ಕೆ ಇಲ್ಲ. ತಪ್ಪುಗಳ ನೋಟ್‌ಬುಕ್ ಶುರು ಮಾಡಿದ್ದೇವೆ. ಇಬ್ಬರು ಹುಡುಗರೂ ಮಂಗಳವಾರ, ಗುರುವಾರ ನಮ್ಮ ಮನೆಯಲ್ಲಿ ಕೂರುತ್ತಾರೆ. ಯಾರ ಹತ್ತಿರವಾದರೂ ಮಕ್ಕಳು ಬಳಸಿ ಬಿಟ್ಟ ತರ್ಕದ ಅಭ್ಯಾಸ ಪುಸ್ತಕಗಳಿದ್ದರೆ ಹೇಳಿ, ಎರಡು ಪ್ರತಿ ಇದ್ದರೆ ಇನ್ನೂ ಒಳ್ಳೆಯದು. ಪೆನ್ಸಿಲ್ ಗುರುತು ಇದ್ದರೂ ಪರವಾಗಿಲ್ಲ, ನಾನು ಅಳಿಸಿಕೊಳ್ಳುತ್ತೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗುತ್ತೇನೆ.